ಚೌರಪ್ಪನ ಪರಿಚಯ ಯಂತ್ರ

"ಈ ಗುಂಡಿ ಒತ್ತಿದ್ರೆ ಯಾರಿಗೂ ಯಾರೂ ಹೊಸಬರಲ್ಲ," ಎನ್ನುತ್ತ ಚೌರಪ್ಪ ಇಡ್ಲಿ ಪಾತ್ರೆಯನ್ನು ತಂದು ಹಿತ್ತಲ ಕಟ್ಟೆಯ ಮೇಲಿಟ್ಟ. ಮುಚ್ಚಳದ ಮೇಲೆ ಹಳೆಯ ಟೀವಿ ಆಂಟೆನಾ ನಿಂತಿತ್ತು. ಒಳಗೆ ಏನೋ ಗೊರಗೊರ ಎನ್ನುತ್ತಿತ್ತು.

"ಅದ್ರಾಗೆ ಇಡ್ಲಿ ಮಾಡ್ತಿದ್ದೆ ನಾನು," ಎಂದಳು ಹೆಂಡತಿ ಫಿಲೋಮಿನ.

"ಇಡ್ಲಿ ಬಾಣಲೇಲೂ ಆಗ್ತಾವೆ."

"ಆಗಲ್ಲ."

ಹರಿಹರದ ಗಿರಣಿ ಕಾಲೋನಿಯಲ್ಲಿ ಜೀವಮಾನವೆಲ್ಲ ರೇಡಿಯೋ ರಿಪೇರಿ ಮಾಡಿದವನು ಚೌರಪ್ಪ. ಕೈ ಸುಮ್ಮನಿರುತ್ತಿರಲಿಲ್ಲ. ಆದರೆ ಈ ಸಲ ಅವನು ಯಂತ್ರ ಕಟ್ಟಿದ್ದು ಹೆಂಡತಿಗಾಗಿ.

ಹಿಂದಿನ ತಿಂಗಳು ರಾಣೆಬೆನ್ನೂರಿನಲ್ಲಿ ಫಿಲೋಮಿನಳ ತಂಗಿ ಲೂರ್ದಮ್ಮ ತೀರಿಕೊಂಡಿದ್ದಳು. ಒಂಟಿ ಜೀವ. ಅವಳು ಮಡಿಲಲ್ಲಿಟ್ಟು ಸಾಕಿದ್ದ ಮೂರು ಎಳೆಯ ಕೋಳಿಗಳು ಮಾತ್ರ ಉಳಿದಿದ್ದವು. ಫಿಲೋಮಿನ ಅವನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ತಂದು ಬಿಟ್ಟದ್ದೇ ತಡ, ಹಿತ್ತಲಲ್ಲಿದ್ದ ಹಳೆಯ ಕೋಳಿಗಳು ಮುಗಿಬಿದ್ದವು. ಅವುಗಳ ಮುಂದಾಳು, ಎಲ್ಲರೂ ಯಜಮಾನಿ ಎಂದು ಕರೆಯುತ್ತಿದ್ದ ಕರಿಕೋಳಿ, ಎಳೆಯವುಗಳ ನೆತ್ತಿ ಕುಕ್ಕಿ ರಕ್ತ ಬರಿಸಿತು. ತಂಗಿ ಗುಲಗಂಜಿ ಎಂದು ಹೆಸರಿಟ್ಟಿದ್ದ ಕೆಂಪು ಮರಿಯಂತೂ ಒರಳಿನ ಹಿಂದೆ ಸೇರಿ ಕಾಳನ್ನೇ ಮುಟ್ಟಲಿಲ್ಲ.

"ನಡುವೆ ಜಾಲರಿ ಕಟ್ಟಿ ಕೆಲವು ವಾರ ಬಿಟ್ರೆ ತಾವೇ ಹೊಂದ್ಕೋತಾವೆ," ಎಂದಿದ್ದಳು ಫಿಲೋಮಿನ.

"ಅಲ್ಲೀ ತನಕ ನೀನು ಹಿಂಗೆ ಅಳ್ತಾ ಕೂತ್ರೆ ನನ್ ಕೈಲಿ ನೋಡಕ್ಕಾಗಲ್ಲ," ಎಂದಿದ್ದ ಚೌರಪ್ಪ.

ಅವನು ಗುಂಡಿ ಒತ್ತಿದ. ತಂತಿ ಅದಲುಬದಲಾಗಿತ್ತೋ ಏನೋ, ಹಳೆಯ ಕೋಳಿಗಳೇ ಒಂದನ್ನೊಂದು ಮರೆತು ಕಾದಾಡತೊಡಗಿದವು. ಚೌರಪ್ಪ ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿ, "ಯಾರಮ್ಮ ನೀವು? ರೇಡಿಯೋ ತಂದಿದ್ರಾ?" ಎಂದ.

"ಇಲ್ಲ. ಕಟ್ಕೊಂಡ ಹೆಂಡ್ತಿ," ಎಂದು ಅವಳು ಓಡಿಬಂದು ತಂತಿ ಎಳೆದಳು.

ತಂತಿ ತಿರುವಿ ಹಾಕಿದ ಮೇಲೆ ಯಂತ್ರ ಹಾದಿಗೆ ಬಂತು. ಯಜಮಾನಿ ಗುಲಗಂಜಿಯ ಗಾಯದ ನೆತ್ತಿಯನ್ನು ಮೆಲ್ಲಗೆ ಸವರಿತು. ಪಕ್ಕದ ಮನೆಯ ಬೆಕ್ಕು ಬಂದು ಕೋಳಿಗಳ ನಡುವೆ ಮಲಗಿತು. ಚರಂಡಿ ಜಗಳದ ನಂತರ ಮಾತು ಬಿಟ್ಟಿದ್ದ ನೆರೆಯ ಇನ್ನಾಸಪ್ಪ ಗೋಡೆ ಹತ್ತಿ ಇಳಿದು, "ಸಾರು ಏನು ಇವತ್ತು?" ಎಂದು ಕೇಳಿದ. ಫಿಲೋಮಿನ ಹಿತ್ತಲಿಗಿಳಿದು, ತಂಗಿ ಸತ್ತ ಮೇಲೆ ಮೊದಲ ಸಲ ನಕ್ಕಳು.

ಆಗ ಚರಂಡಿಯಿಂದ ಮುಂಗುಸಿ ಬಂತು.

ಯಾರೂ ಕೂಗಲಿಲ್ಲ. ಕೋಳಿಗಳು ಹೆದರಲಿಲ್ಲ. ಫಿಲೋಮಿನಳಿಗೂ ಒಂದು ಕ್ಷಣ, ನಮ್ಮ ಮುಂಗುಸಿಯಲ್ಲವೇ ಎನ್ನಿಸಿತು. ಗುಲಗಂಜಿ ಎಲ್ಲರಿಗಿಂತ ಮೊದಲು ಅದರೆದುರಿಗೆ ಓಡಿತು. ಮುಂಗುಸಿಗೂ ಪರಿಚಯವೆನ್ನಿಸಿರಬೇಕು. ಆದರೆ ಅದಕ್ಕೆ ಹಸಿವೆಯೂ ಇತ್ತು.

ಇನ್ನಾಸಪ್ಪ ಎಸೆದ ಚಪ್ಪಲಿಗೆ ಬೆದರಿ ಅದು ಮರಿಯನ್ನು ಬಿಟ್ಟು ಓಡಿಹೋಯಿತು. ಗುಲಗಂಜಿ ಫಿಲೋಮಿನಳ ಮಡಿಲಲ್ಲಿ ಕಣ್ಣು ಮುಚ್ಚಿತು.

ಚೌರಪ್ಪ ಯಂತ್ರ ನಿಲ್ಲಿಸಲು ಹೋದರೆ ಗುಂಡಿ ಕರಗಿ ಅಂಟಿತ್ತು. ಗೊರಗೊರ ಜೋರಾಗಿ, ಯಂತ್ರದ ಅಲೆ ಬೀದಿಗೂ ಹರಿಯಿತು. ಜನ ಬರತೊಡಗಿದರು. ಒಲೆ ಆರಿಸಿ ಬಂದರು, ಅಂಗಡಿ ಬಾಗಿಲೆಳೆದು ಬಂದರು. "ನನ್ ಕೈಯಾಗೇ ಕಾಳು ತಿಂತಿತ್ತಲ್ಲವ್ವ," ಎಂದು ಗುಲಗಂಜಿಯನ್ನು ಕಂಡೇ ಇರದ ಹೂವಿನವಳು ಎದೆ ಬಡಿದುಕೊಂಡಳು. ಬೇಡವೆಂದರೂ ಬ್ಯಾಂಡಿನವರು ಬಂದರು. ಗುಲಗಂಜಿಯನ್ನು ಮಲಗಿಸಿದ, ಚಪ್ಪಲಿ ಡಬ್ಬಿಯಷ್ಟಿದ್ದ ಪೆಟ್ಟಿಗೆಗೆ ಹೆಗಲು ಕೊಡಲು ಗಂಡಸರು ನೂಕಾಡಿದರು.

ಫಿಲೋಮಿನ ಅದನ್ನೇ ನೋಡುತ್ತ ನಿಂತಳು. ಲೂರ್ದಮ್ಮನ ಶವಪೆಟ್ಟಿಗೆ ಎತ್ತಲು ನಾಲ್ಕು ಜನ ಸಿಕ್ಕಿರಲಿಲ್ಲ. ಒಂದು ಮೂಲೆಯನ್ನು ಅವಳೇ ಹಿಡಿದಿದ್ದಳು, ಇನ್ನೊಂದನ್ನು ವ್ಯಾನಿನ ಡ್ರೈವರ್.

ಚೌರಪ್ಪ ಇಕ್ಕಳ ಹಿಡಿದು ಬಂದ. ಅವನ ಮುಖ ಬಾಡಿಹೋಗಿತ್ತು. "ತಂತಿ ಕತ್ತರಿಸ್ಬಿಡ್ತೀನಿ ಮಿನಾ. ನನ್ನಿಂದಾನೇ ಹೋಯ್ತು ಅದು."

ಅವಳು ಅವನ ಕೈ ಹಿಡಿದಳು. "ತಡೀರಿ. ಎಲ್ಲರೂ ಮಣ್ಣು ಹಾಕ್ಲಿ."

ಹಿತ್ತಲಲ್ಲಿ ತೋಡಿದ ಕುಳಿಗೆ ಎಲ್ಲರೂ ಒಂದೊಂದು ಹಿಡಿ ಹಾಕಿದರು. ಕೊನೆಯವಳಾಗಿ ಫಿಲೋಮಿನ ಹಾಕಿದಳು. ಬಾಯಲ್ಲಿ ಬಂದದ್ದು ಕೋಳಿಯ ಹೆಸರಲ್ಲ, ತಂಗಿಯದು. ಆಮೇಲೆ ಗಂಡನಿಗೆ ತಲೆಯಾಡಿಸಿದಳು.

ತಂತಿ ತುಂಡಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಪ್ಪಲಿ ಹುಡುಕಿ ಜಾರಿಕೊಂಡರು. ಯಜಮಾನಿ ಉಳಿದೆರಡು ಮರಿಗಳ ಮೇಲೆ ಮತ್ತೆ ಏರಿಹೋಯಿತು. ಫಿಲೋಮಿನ ನಡುವೆ ಜಾಲರಿ ಕಟ್ಟಿ, ಅವನ್ನೆತ್ತಿ ಆಚೆ ಬಿಟ್ಟಳು.

ಇನ್ನಾಸಪ್ಪನೊಬ್ಬ ನಿಂತೇ ಇದ್ದ. ಒದ್ದೆ ಕೆನ್ನೆ ಮುಟ್ಟಿಕೊಂಡು, "ಅಲ್ಲಮ್ಮ, ಒಂದು ಕೋಳಿಗೆ ಇಷ್ಟು ಜನ ಯಾಕೆ ಬಂದ್ವಿ?" ಎಂದ.

"ಅದಕ್ಕೆ ಪರಿಚಯದೋರು ಜಾಸ್ತಿ," ಎಂದಳು ಫಿಲೋಮಿನ.