ಭಾವನ ನಾಲ್ಕನೇ ಪ್ರಶ್ನೆ

ನನ್ನ ಭಾವನ ಮನೆಯಲ್ಲಿ ಉಪ್ಪಿಟ್ಟು ತಿಂದು ಸುಮ್ಮನೆ ಕೈತೊಳೆದುಕೊಂಡು ಎದ್ದವರು ಇದುವರೆಗೆ ಯಾರೂ ಇಲ್ಲ! ತಿಂದ ಮೇಲೆ ಉಪ್ಪಿಟ್ಟಿಗೆ ಹತ್ತಕ್ಕೆ ಎಷ್ಟು ಎಂದು ಹೇಳಬೇಕು. ಹೇಳಿದರೆ ಸಾಲದು, ಏಕೆ ಅಷ್ಟು ಎಂದು ಎರಡು ವಾಕ್ಯ ಬರೆದೂ ಕೊಡಬೇಕು. ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ವಿಶಾಖಪಟ್ಟಣಕ್ಕೆ ಎತ್ತಿಹಾಕಿದಾಗ ನಾನು ಎಂವಿಪಿ ಕಾಲೋನಿಯ ಅಕ್ಕನ ಮನೆಯಲ್ಲೇ ಇಳಿದುಕೊಂಡೆ. ಮೊದಲ ದಿನ ಬೆಳಿಗ್ಗೆ ಅಕ್ಕನ ಮೇಲಿನ ಪ್ರೀತಿಯಿಂದ ಹತ್ತಕ್ಕೆ ಹತ್ತು ಕೊಟ್ಟೆ. ಭಾವ ಚೀಟಿಯನ್ನು ವಾಪಸು ನೀಡಿದರು.

"ಇದು ಮೌಲ್ಯಮಾಪನ ಅಲ್ಲೋ ತಮ್ಮಾ, ಮುಖಸ್ತುತಿ. ಉಪ್ಪು ಕಡಿಮಿ ಇತ್ತೋ ಇಲ್ಲೋ?"

"ಸ್ವಲ್ಪ ಕಡಿಮಿ ಇತ್ತ್ರಿ ಭಾವಾ."

"ಹಂಗಾರ ಹಂಗ ಬರಿ!"

ಒಳಗಿನಿಂದ ಅಕ್ಕ ಸೌಟು ಹಿಡಿದುಕೊಂಡೇ ಬಂದಳು. ಅಂದು ಮಧ್ಯಾಹ್ನ ನಾನು ಹೋಟೆಲಿನಲ್ಲಿ ಉಂಡೆ.

ಭಾವ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವರಿಗೆ ತಿಂಗಳಿಗೊಮ್ಮೆ ಒಂದು ಮೇಲ್ ಬರುತ್ತದೆ: ವಿಜ್ಞಾನ ವಿಭಾಗದ ಸಿಬ್ಬಂದಿಗಾಗಿ ಬೋಧನೆ, ಕಲಿಕೆ, ಮೌಲ್ಯಮಾಪನದ ಹೊಸ ವಿಚಾರಗಳು. ಉಳಿದ ಮೇಷ್ಟ್ರುಗಳು ಅದನ್ನು ಗುಡ್ ಮಾರ್ನಿಂಗ್ ಸಂದೇಶದಂತೆ ನೋಡದೆಯೇ ಅಳಿಸುತ್ತಾರೆ. ಭಾವ ಮಾತ್ರ ಓದುತ್ತಾರೆ. ಅದೂ ಹೇಗೆ? ನಡೆಯುತ್ತ! ಕುಳಿತರೆ ಅವರಿಗೆ ಅಕ್ಷರ ತಲೆಗೆ ಹತ್ತುವುದಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮೆಟ್ಟಿಲಿಗೆ. ಒಮ್ಮೆ ಹೀಗೆ ಓದುತ್ತ ಕೆಳಗಿನ ಮಹಡಿಯವರ ಮನೆ ಹೊಕ್ಕು, ಅವರು ಕೊಟ್ಟ ಕಾಫಿ ಕುಡಿದು, "ಇವತ್ತು ಸಕ್ಕರಿ ಭಾಳ ಆಗೇದ" ಎಂದು ಅಲ್ಲಿಂದಲೇ ಅಕ್ಕನನ್ನು ಕೂಗಿದ್ದರಂತೆ!

ಓದಿದ್ದನ್ನು ನೇರವಾಗಿ ಕ್ಲಾಸಿಗೆ ಒಯ್ಯುವವರಲ್ಲ ಅವರು. "ಹುಡುಗರ ಮ್ಯಾಲೆ ಪ್ರಯೋಗ ಮಾಡೂ ಮೊದಲ ಮನಿಮಂದಿ ಮ್ಯಾಲೆ ಮಾಡಿ ನೋಡಬೇಕು. ಮನಿಮಂದಿ ಕ್ಲಾಸ್ ಬಿಟ್ಟು ಓಡಿ ಹೋಗೂದಿಲ್ಲ" ಎನ್ನುವುದು ಅವರ ಸಿದ್ಧಾಂತ. ಹೀಗಾಗಿ ಮೇಲ್ ಬಂದ ವಾರ ಆ ಮನೆಯಲ್ಲಿ ಎಲ್ಲರಿಗೂ ಜೀವ ಕೈಯಲ್ಲಿ.

ಒಂದು ತಿಂಗಳು ಸಹಪಾಠಿಗಳೇ ಪರಸ್ಪರ ಮಾರ್ಕು ಕೊಟ್ಟುಕೊಳ್ಳುವ ಪದ್ಧತಿ ಬಂತು. ಆಗ ನಮ್ಮ ಅವ್ವ ಊರಿನಿಂದ ಬಂದಿದ್ದಳು. ಅವ್ವನ ಸಾರಿಗೆ ಅಕ್ಕ ಮಾರ್ಕು ಕೊಡಬೇಕು, ಅಕ್ಕನ ಸಾರಿಗೆ ಅವ್ವ. ಅವ್ವ ಮಗಳಿಗೆ ನಾಲ್ಕು ಕೊಟ್ಟಳು. ಮಗಳು ಅವ್ವನಿಗೆ ಮೂರು ಕೊಟ್ಟಳು. ಮೂರು ದಿನ ಇಬ್ಬರಿಗೂ ಮಾತಿಲ್ಲ. ಭಾವ ಸಂತೋಷದಿಂದ ತಮ್ಮ ಡೈರಿಯಲ್ಲಿ ಬರೆದುಕೊಂಡರು: "ಮೌಲ್ಯಮಾಪನ ಅತ್ಯಂತ ಪ್ರಾಮಾಣಿಕವಾಗಿ ನಡೆಯಿತು."

ಮತ್ತೊಂದು ತಿಂಗಳು ಒಂದು ನಿಮಿಷದ ಚೀಟಿ. ಪಾಠ ಮುಗಿದ ಮೇಲೆ, ಅರ್ಥವಾಗದೆ ಉಳಿದದ್ದು ಏನು ಎಂದು ವಿದ್ಯಾರ್ಥಿ ಒಂದು ನಿಮಿಷದಲ್ಲಿ ಬರೆದುಕೊಡಬೇಕು, ಹೆಸರು ಹಾಕುವಂತಿಲ್ಲ. ಎಂಟನೇ ಕ್ಲಾಸಿನ ಮಗಳು, "ನಾನ್ನಾ, ಇದು ಚಾಲಾ ಅನ್ಯಾಯ" ಎಂದು ತನ್ನ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಪ್ಪನ ಮುಂದೆ ಗೋಗರೆದರೂ ಭಾವ ಬಿಡಲಿಲ್ಲ. ಅಂದು ಊಟವಾದ ಮೇಲೆ ಚೀಟಿ ಹಾಕಿದ್ದ ಡಬ್ಬಿ ತೆರೆದರೆ ಒಂದು ಚೀಟಿಯಲ್ಲಿ ದುಂಡಗಿನ ಕನ್ನಡ ಅಕ್ಷರಗಳಿದ್ದವು: "ಈ ಮನುಷ್ಯಾನ್ನ ಯಾಕ ಮದವಿ ಆದೆ ಅನ್ನೂದು ಅರ್ಥ ಆಗಲಿಲ್ಲ." ಭಾವ ಕೋಣೆಯನ್ನು ಎರಡು ಸುತ್ತು ಹಾಕಿ ಕೇಳಿದರು: "ಹೆಸರು ಇಲ್ಲ. ಯಾರು ಬರದಿರಬಹುದು?"

ಇಂಥವರನ್ನು ಕಳೆದ ವರ್ಷ ವಿಜಯವಾಡದ ಒಂದು ಕಾಲೇಜಿನವರು ಕಾರ್ಯಾಗಾರಕ್ಕೆ ಕರೆದರು. ಒಳ್ಳೆಯ ಪ್ರಶ್ನೆ ಕೇಳುವುದು ಹೇಗೆ ಎಂದು ವಿಜ್ಞಾನದ ಅಧ್ಯಾಪಕರಿಗೆ ಇವರು ಹೇಳಿಕೊಡಬೇಕಂತೆ. ಅಕ್ಕ ನನಗೆ ಗಂಟುಬಿದ್ದಳು. "ಶನಿವಾರ ರಜಾ ಅದ ಅಲ್ಲ, ನೀನೂ ಹೋಗು. ಒಬ್ಬರನ್ನ ಬಿಟ್ಟರ ಯಾವ ಸ್ಟೇಷನ್ನಿನ್ಯಾಗ ಇಳದು ಬಿಡ್ತಾರೋ!"

ಅವಳ ಮಾತು ಸುಳ್ಳಾಗಲಿಲ್ಲ. ಊರಾಚೆಯ ದುವ್ವಾಡ ಸ್ಟೇಷನ್ ಬರುವಷ್ಟರಲ್ಲಿ ಭಾವ ರೈಲಿನ ಈ ತುದಿಯಿಂದ ಆ ತುದಿಗೆ ಮೂರು ಸಲ ಹೋಗಿಬಂದಿದ್ದರು. ದುವ್ವಾಡದಲ್ಲಿ ಇಳಿದೇಬಿಟ್ಟರು. ರೈಲು ಹೊರಟಿತು, ಭಾವ ಇಲ್ಲ! ನಾನು ಅಕ್ಕನಿಗೆ ಏನೆಂದು ಹೇಳಲಿ ಎಂದು ಬೆವರುತ್ತಿರುವಾಗ ಅರ್ಧ ಗಂಟೆಯ ಮೇಲೆ ಹಿಂದಿನ ಬೋಗಿಯಿಂದ ನಗುತ್ತ ಬಂದರು. ಅಲ್ಲಿದ್ದ ಕಾಲೇಜು ಹುಡುಗರನ್ನು, ನಿಮ್ಮ ಮೇಷ್ಟ್ರು ಪೇಪರು ತಿದ್ದಿ ವಾಪಸು ಕೊಡುತ್ತಾರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರಂತೆ.

ಕಾರ್ಯಾಗಾರದಲ್ಲಿ ಸುಮಾರು ನಲವತ್ತು ಜನ ಅಧ್ಯಾಪಕರು ನೋಟ್‌ಪ್ಯಾಡು ಹಿಡಿದು ಆರಾಮಾಗಿ ಕುಳಿತಿದ್ದರು. ಭಾವ ಭಾಷಣ ಮಾಡಲಿಲ್ಲ. ತಾವೇ ಹಿಂದಿನ ಸೆಮಿಸ್ಟರಿನಲ್ಲಿ ಮೊದಲ ವರ್ಷದವರಿಗೆ ಕೊಟ್ಟಿದ್ದ ಪ್ರಶ್ನೆಪತ್ರಿಕೆಯನ್ನು ಎಲ್ಲರಿಗೂ ಹಂಚಿ, "ಒಂದು ಗಂಟೆ ಟೈಮ್. ಬರೆಯಿರಿ" ಎಂದುಬಿಟ್ಟರು. (ಅಲ್ಲಿ ನಡೆದ ಮಾತೆಲ್ಲ ತೆಲುಗು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.) ಒಬ್ಬ ಹಿರಿಯರು ಎದ್ದು ನಿಂತರು.

"ಸಾರ್, ನಾವು ಪೇಪರು ತಿದ್ದುವವರಂಡಿ. ಬರೆಯುವವರಲ್ಲ."

"ಅದಕ್ಕೇ ಸಾರ್!" ಎಂದರು ಭಾವ.

ಒಬ್ಬರು ಬಾತ್‌ರೂಮಿಗೆಂದು ಹೋದವರು ಮತ್ತೆ ಬರಲಿಲ್ಲ. ಇಬ್ಬರು ಪಕ್ಕದವರದನ್ನು ನೋಡಿ ಬರೆದರು. ನನ್ನ ಕಣ್ಣಾರೆ ಕಂಡದ್ದು! ಭಾವ ಬೆಂಚುಗಳ ನಡುವೆ ಗಾಳಿಯಂತೆ ತಿರುಗಿದರು. ಅವರ ಕಾಲಿಗೆ ಸರಿಯಾದ ಕೆಲಸ ಸಿಕ್ಕಿತಲ್ಲ ಎಂದು ನನಗೂ ನೆಮ್ಮದಿಯಾಯಿತು.

ಗಂಟೆ ಮುಗಿದಾಗ ಕೊನೆಯ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಮೇಡಂ ಒಬ್ಬರು ಕೈಯೆತ್ತಿದರು. "ನಿಮ್ಮ ನಾಲ್ಕನೇ ಪ್ರಶ್ನೆಗೆ ಎರಡು ಉತ್ತರ ಇದೆ ಸಾರ್."

ಪ್ರಶ್ನೆ ಇಷ್ಟೇ: ವೇಗ ಹೆಚ್ಚಿಸಿಕೊಳ್ಳುತ್ತ ಮೇಲೇರುತ್ತಿರುವ ಲಿಫ್ಟಿನಲ್ಲಿ ಒಬ್ಬನ ಕೈಯಿಂದ ಚೆಂಡು ಜಾರಿದರೆ ಅದು ಎಷ್ಟು ಜೋರಾಗಿ ಬೀಳುತ್ತದೆ? ನಾನು ಕಾಮರ್ಸಿನವನು, ಆದರೂ ಮೇಡಂ ಬಿಡಿಸಿ ಹೇಳಿದಾಗ ತಿಳಿಯಿತು. ಹೊರಗೆ ನಿಂತು ನೋಡುವವನಿಗೆ ಅದು ಎಲ್ಲ ಚೆಂಡಿನಂತೆಯೇ ಬೀಳುತ್ತದೆ. ಲಿಫ್ಟಿನ ಒಳಗಿದ್ದವನಿಗೆ, ನೆಲವೇ ವೇಗ ಹೆಚ್ಚಿಸಿಕೊಳ್ಳುತ್ತ ಮೇಲೆ ಬರುತ್ತಿರುವುದರಿಂದ, ಇನ್ನೂ ಜೋರಾಗಿ ಬಿದ್ದಂತೆ ಕಾಣುತ್ತದೆ. ಯಾರು ನೋಡಿದಂತೆ ಎಂದು ಭಾವ ಬರೆದೇ ಇರಲಿಲ್ಲ.

"ನೀವು ಯಾವುದು ಸರಿ ಅಂತ ತಗೊಂಡಿರಿ?" ಮೇಡಂ ಕೇಳಿದರು.

"ಹೊರಗಿನವನದು."

"ಒಳಗಿನವನದು ಬರೆದವರಿಗೆ?"

"ಸೊನ್ನೆ" ಎಂದರು ಭಾವ. ಸಭೆ ಗೊಳ್ಳೆಂದು ನಕ್ಕಿತು. ಒಂದು ಗಂಟೆ ಬೆವರಿಳಿಸಿದ್ದಕ್ಕೆ ಸೇಡು ತೀರಿತಲ್ಲ! ನಾನೂ ನಕ್ಕೆ. ಭಾವ ಮಾತ್ರ ನಗಲಿಲ್ಲ.

ಊಟದ ಎಲೆಯ ಮುಂದಿನಿಂದ ಅರ್ಧಕ್ಕೇ ಎದ್ದು ತಮ್ಮ ವಿಭಾಗಕ್ಕೆ ಫೋನು ಹಚ್ಚಿದರು. ಹಳೆಯ ಪೇಪರುಗಳನ್ನು ತೆಗೆಸಿದರು. ಒಳಗಿನವನ ಉತ್ತರ ಬರೆದವರು ನಾಲ್ಕೈದು ಜನ. ಉಳಿದವರು ಹೇಗೋ ಪಾಸಾಗಿದ್ದರು. ಒಬ್ಬ ಹುಡುಗಿ ಮಾತ್ರ ನಾಲ್ಕು ಮಾರ್ಕಿನಲ್ಲಿ ಫೇಲಾಗಿದ್ದಳು. ಆ ಪ್ರಶ್ನೆಗಿದ್ದದ್ದು ಹತ್ತು ಮಾರ್ಕು. ಫಲಿತಾಂಶ ಬಂದ ಮೇಲೆ ಹಾಸ್ಟೆಲ್ ಬಿಟ್ಟು ಹೋದವಳು ಸಪ್ಲಿಮೆಂಟರಿಗೂ ಬಂದಿರಲಿಲ್ಲ. ಊರು ಯಾವುದೆಂದರೆ ಇಬ್ರಾಹಿಂಪಟ್ನಂ, ವಿಜಯವಾಡದ ಮಗ್ಗುಲಲ್ಲೇ.

"ಏಳೋ" ಎಂದರು ಭಾವ. ನನ್ನ ಎಲೆಯಲ್ಲಿ ಇನ್ನೂ ಮೊಸರನ್ನವಿತ್ತು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದರು, ಹೇಳಬೇಕಾದ ಮಾತನ್ನು ತುಟಿಯಲ್ಲೇ ಬಾಯಿಪಾಠ ಮಾಡುತ್ತ. ವಿಭಾಗದ ಗುಮಾಸ್ತರು ಹುಡುಗಿಯ ಗೆಳತಿಯನ್ನು ಕೇಳಿ ಮನೆಯ ಗುರುತು ಹೇಳಿದ್ದರು: ಅಂಗಳದಿಂದ ಕರೆಂಟು ಕಾರ್ಖಾನೆಯ ಚಿಮಣಿ ಕಾಣುವ ಮನೆ. ಆ ಊರಿನಲ್ಲಿ ಚಿಮಣಿ ಕಾಣದ ಮನೆ ಯಾವುದು, ಹೇಳಿ! ಒಂದು ಗಂಟೆ ಅಲೆದು, ಆರು ಬಾಗಿಲು ತಟ್ಟಿ, ಏಳನೆಯದರಲ್ಲಿ ಅವಳು ಸಿಕ್ಕಳು. ಒಗೆದ ಬಟ್ಟೆ ಹರವುತ್ತಿದ್ದವಳು ಭಾವನನ್ನು ಕಂಡು ಗೋಡೆಗೆ ಸರಿದು ನಿಂತಳು. ಅವಳ ತಾಯಿ ಗಾಬರಿಯಿಂದಲೇ ಕುರ್ಚಿ ಹಾಕಿ, ಹುಡುಗಿ ಓದು ಬಿಟ್ಟಿದ್ದಾಳೆ, ಸೋಮವಾರದಿಂದ ಬಟ್ಟೆಯಂಗಡಿಯ ಕೆಲಸಕ್ಕೆ ಹೋಗುತ್ತಾಳೆ ಎಂದರು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ಭಾವನಿಗೆ ಮರೆತುಹೋಯಿತು. "ತಪ್ಪು ನಾದಮ್ಮಾ" ಎಂದರು. ತಪ್ಪು ನನ್ನದಮ್ಮಾ, ಅಷ್ಟೇ. ಆಮೇಲೆ ತಡವರಿಸುತ್ತ ನಾಲ್ಕನೇ ಪ್ರಶ್ನೆಯ ಕಥೆ ಹೇಳಿದರು.

ಹುಡುಗಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. "ನನಗೆ ಆವತ್ತೇ ಅನುಮಾನ ಬಂದಿತ್ತು ಸಾರ್. ಯಾರು ನೋಡಿದ ಹಾಗೆ ಅಂತ ಕೇಳಬೇಕು ಅನ್ಕೊಂಡೆ. ನೀವು ಹಾಲ್‌ನಲ್ಲಿ ಅಷ್ಟು ಬೇಗ ಬೇಗ ಓಡಾಡ್ತಿದ್ರಿ. ಎರಡು ಸಲ ಕೈ ಎತ್ತಿದೆ. ನೀವು ದಾಟಿ ಹೋಗಿಬಿಟ್ಟಿರಿ."

ಭಾವನ ಮುಖ ನೋಡಲು ನನಗೆ ಆಗಲಿಲ್ಲ.

ತಪ್ಪು ತಮ್ಮದೆಂದು ಭಾವ ಪರೀಕ್ಷಾ ವಿಭಾಗಕ್ಕೆ ಬರೆದುಕೊಟ್ಟದ್ದು, ಅದಕ್ಕೆ ಸಮಜಾಯಿಷಿ ಕೇಳಿ ಅವರಿಗೇ ನೋಟಿಸು ಬಂದದ್ದು, ಕೊನೆಗೆ ಮಾರ್ಕು ಸರಿಯಾದದ್ದು ಎಲ್ಲ ಆಮೇಲಿನ ಮಾತು. ಅಂದು ಅವರು ಮಾಡಿದ್ದು ಇಷ್ಟೇ. ಜೇಬಿನಿಂದ ಆ ಪ್ರಶ್ನೆಪತ್ರಿಕೆಯನ್ನೂ ಪೆನ್ನನ್ನೂ ತೆಗೆದು ಹುಡುಗಿಗೆ ಕೊಟ್ಟು, "ಹೇಗೆ ಕೇಳಬೇಕಿತ್ತು, ನೀನೇ ಬರೆದು ತೋರಿಸಮ್ಮಾ" ಎಂದರು. ಅವಳು ಒದ್ದೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು, ಗೋಡೆಗೆ ಕಾಗದವಿಟ್ಟು, ನಾಲ್ಕನೇ ಪ್ರಶ್ನೆಯ ನಡುವೆ ಸಣ್ಣದಾಗಿ ಸೇರಿಸಿದಳು: ಲಿಫ್ಟಿನೊಳಗೆ ನಿಂತವನಿಗೆ ಕಾಣುವಂತೆ.

ಭಾವ ಅದನ್ನು ಓದಿ ನನ್ನತ್ತ ಚಾಚಿದರು. "ಎಷ್ಟ ಛಂದ ಬರದಾಳ ನೋಡೋ" ಎಂದರು. ಕನ್ನಡದಲ್ಲೇ ಅಂದುಬಿಟ್ಟಿದ್ದರು.

"ಸಾರ್ ಏನಂದ್ರು?" ಎಂದು ಹುಡುಗಿ ನನ್ನನ್ನು ಕೇಳಿದಳು. ನನ್ನ ಹರಕು ತೆಲುಗಿನಲ್ಲಿ ಹೇಳಿದೆ. ಅವಳು ತಲೆ ತಗ್ಗಿಸಿದಳು.

ತಾಯಿ ಮೆಲ್ಲಗೆ ಕೇಳಿದರು: "ಮತ್ತೆ ಅಂಗಡಿಯವರಿಗೆ ಏನು ಹೇಳಲಿ?"

"ಬರಲ್ಲ ಅಂತ ಹೇಳಮ್ಮಾ" ಎಂದಳು ಹುಡುಗಿ.