ಒಂದು ಗಿಣಿ ದೂರ

ಬಂಗಾರಪೇಟೆಯಿಂದ ಉರಿಗಾಂಗೆ ಎಷ್ಟು ದೂರ ಎಂದು ನಮ್ಮ ಸೋದರತ್ತೆಯನ್ನು ಕೇಳಿದರೆ ಮೈಲಿಯಲ್ಲೂ ಹೇಳುತ್ತಿರಲಿಲ್ಲ, ಗಂಟೆಯಲ್ಲೂ ಹೇಳುತ್ತಿರಲಿಲ್ಲ. "ಒಂದು ಗಿಣಿ" ಎನ್ನುತ್ತಿದ್ದಳು. ಗಿಣಿ ಎಂದರೆ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಕೂರಿಸುವ ಗಿಣಿ. ರೈಲು ಬಂಗಾರಪೇಟೆ ಬಿಡುವಾಗ ಕೊಕ್ಕು ಶುರುವಾದರೆ ಉರಿಗಾಂ ಬರುವ ಹೊತ್ತಿಗೆ ಬಾಲ ಮುಗಿಯುತ್ತಿತ್ತು. ಮಾರಿಕುಪ್ಪಂಗೆ ಒಂದು ಗಿಣಿ, ಎರಡು ಎಲೆ. ಕೋರಮಂಡಲ್‌ನಲ್ಲೇ ಇಳಿದುಬಿಟ್ಟರೆ ಮೋಟು ಗಿಣಿ. ಕಾಮಸಮುದ್ರದ ಬಸ್ಸಿನ ದಾರಿ ಮಾತ್ರ ಈ ಅಳತೆಗೆ ಒಗ್ಗುತ್ತಿರಲಿಲ್ಲ. ಆ ರಸ್ತೆಯ ಗುಂಡಿಗಳಲ್ಲಿ ಗಿಣಿ ಹಾಕಲು ಹೋದರೆ ಅದು ಹದ್ದಾಗಿ ಏಳುತ್ತಿತ್ತಂತೆ. ದೂರವನ್ನು ಹಕ್ಕಿಯಲ್ಲಿ ಅಳೆದ ಹೆಂಗಸನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಅತ್ತೆಯ ಮನೆ ಬಂಗಾರಪೇಟೆಯಲ್ಲಿ. ನಮ್ಮದು ಉರಿಗಾಂನಲ್ಲಿ, ಗಣಿಯವರು ಸಾಲಾಗಿ ಕಟ್ಟಿಸಿದ ಲೈನ್ ಮನೆ, ಏಕೆಂದರೆ ನಮ್ಮಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅತ್ತೆ ಬೆಳಗಿನ ಮೊದಲ ರೈಲಿಗೆ ಸೊಪ್ಪಿನ ಪುಟ್ಟಿ ಹೊತ್ತು ಬಂದು, ಲೈನು ಲೈನು ತಿರುಗಿ ದಂಟು, ಕೀರೆ, ಕರಿಬೇವು ಮಾರಿ, ಒಂಬತ್ತರ ರೈಲಿಗೆ ವಾಪಸ್ಸು ಹೋಗುತ್ತಿದ್ದಳು. ಇದು ದಿನದ ತಿರುಗಾಟ. ಇದಲ್ಲದೆ ಹಬ್ಬದ ತಿರುಗಾಟ, ನಾಮಕರಣದ ತಿರುಗಾಟ, ಯಾರಿಗೋ ಕಾಲು ಉಳುಕಿದೆಯಂತೆ ಎಂಬ ತಿರುಗಾಟ ಬೇರೆ. ಕಾಲು ಉಳುಕಿದವರ ಮನೆಗೆ ಹೋಗಿ ಅತ್ತೆ ನೋಡುತ್ತಿದ್ದದ್ದು ಅವರ ಕಾಲನ್ನಲ್ಲ, ಬಾಗಿಲನ್ನು. ಬಾಗಿಲಿಗೆ ತೋರಣವಿಲ್ಲದಿದ್ದರೆ ಮುಂದಿನ ಹಬ್ಬಕ್ಕೆ ಅವರಿಗೊಂದು ಖಾತ್ರಿ.

ಹೊಲಿಗೆಯನ್ನು ಅವಳಿಗೆ ಕಲಿಸಿದ್ದು ನಮ್ಮ ಲೈನಿನ ತಮಿಳು ಕ್ರೈಸ್ತರ ಅಕ್ಕ ಒಬ್ಬರು. ಒಂದು ಕಟ್ಟು ಕೀರೆಗೆ ಬದಲಾಗಿ ಸರಪಳಿ ಹೊಲಿಗೆ ತೋರಿಸಿಕೊಟ್ಟರಂತೆ. ಅಷ್ಟೇ, ಅತ್ತೆಗೆ ಹುಚ್ಚು ಹತ್ತಿತು. ಆ ಅಕ್ಕನ ಮನೆಗೆ ಕ್ರಿಸ್‌ಮಸ್‌ಗೆ ಉಲ್ಲನ್ನಿನ ನಕ್ಷತ್ರ ಹೋಯಿತು. ಸಂಕ್ರಾಂತಿಗೆ ಎತ್ತುಗಳ ಕೊಂಬಿಗೆ ಕುಚ್ಚು. ಗೌರಿಯ ಬಾಗಿನಕ್ಕೆ ಮುಚ್ಚುವ ಕಸೂತಿ ಬಟ್ಟೆ. ಯುಗಾದಿಗೆ ಹಸಿರು ಉಲ್ಲನ್ನಿನಲ್ಲಿ ಬಾಡದ ಮಾವಿನೆಲೆಯ ತೋರಣ. ಆ ತೋರಣವನ್ನು ಹಬ್ಬದ ಬೆಳಿಗ್ಗೆಯೇ ಪಕ್ಕದ ಮನೆಯ ಮೇಕೆ ಎಳೆದು ತಿಂದಿತು. ನಮ್ಮಮ್ಮ ಮೇಕೆಯನ್ನು ಬೈದಳು, ಮೇಕೆಯ ಯಜಮಾನಿಯನ್ನು ಬೈದಳು. ಅತ್ತೆಯ ಮುಖ ಮಾತ್ರ ಊರಗಲ.

"ಮೇಕೇನೇ ಎಲೆ ಅಂದ್ಕಂಡೈತೆ ಅಂದ್ರೆ ನನ್ನ ಕೈ ಎಂಗಿರಬೇಕು ನೋಡು" ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು. ಮೇಕೆ ಎರಡು ದಿನ ಏನೂ ತಿನ್ನಲಿಲ್ಲವೆಂಬುದನ್ನು ಯಾರಿಗೂ ಹೇಳಲಿಲ್ಲ.

ಅತ್ತೆಯ ಸೂಜಿಗೆ ಒಂದು ವಿಚಿತ್ರ ಚಾಳಿಯಿತ್ತು. ಕೂತ ಜಾಗ ಅಲುಗುತ್ತಿದ್ದರೆ ಮಾತ್ರ ಅದು ಓಡುತ್ತಿತ್ತು. ಮನೆಯಲ್ಲಿ ಕೂತರೆ ದಾರ ಸಿಕ್ಕಾಗುತ್ತದೆ, ಬೆರಳಿಗೆ ಚುಚ್ಚುತ್ತದೆ. ಯಾಕೆ ಅತ್ತೆ ಎಂದರೆ, "ಮನೆ ಓಡಾಕಿಲ್ವಲ್ಲೇ, ಸೂಜಿ ಎಂಗೆ ಓಡ್ತೈತೆ?" ಎಂದು ನನ್ನನ್ನೇ ಕೇಳುತ್ತಿದ್ದಳು. ಸಿಗ್ನಲ್ ಬೀಳದೆ ರೈಲು ನಿಂತರೆ ಸೂಜಿಯೂ ನಿಲ್ಲುತ್ತಿತ್ತು. ಒಮ್ಮೆ ಮಳೆಗೆ ಹಳಿ ಕುಸಿದು ನಾಲ್ಕು ದಿನ ರೈಲಿಲ್ಲ. ಗೂಡ್ಸ್ ಶೆಡ್‌ನಲ್ಲಿ ದಿನವಿಡೀ ಮೂಟೆ ಹೊತ್ತು ಮನೆಗೆ ಬಂದ ಗಂಡನಿಂದ, ಅಂದರೆ ನಮ್ಮ ಮಾವನಿಂದ, ಉಯ್ಯಾಲೆ ಕಟ್ಟಿಸಿಕೊಂಡು, ಅವನಿಂದಲೇ ತೂಗಿಸಿಕೊಂಡು ಗೌರಿ ಬಟ್ಟೆ ಮುಗಿಸಿದಳು. ಮಾವ ಮುಂದಿನ ವಾರ ನಮ್ಮಲ್ಲಿಗೆ ಬಂದಾಗ, "ಇಂಜಿನ್ನಿಗೆ ಕಲ್ಲಿದ್ದಲಾದ್ರೂ ಆಕ್ತಾರೆ, ನಂಗೆ ಒಂದು ಲೋಟ ಕಾಫೀನೂ ಕೊಡ್ನಿಲ್ಲ" ಎಂದ.

ರೈಲಿನಲ್ಲಿ ಅವಳ ಪಕ್ಕ ಕೂರಲು ಗೊತ್ತಿದ್ದವರು ಹೆದರುತ್ತಿದ್ದರು. ಗೊತ್ತಿಲ್ಲದ ಗಣಿ ಕೆಲಸದವನೊಬ್ಬ ಒಂದು ದಿನ ಕೂತು ಹಾಗೇ ತೂಕಡಿಸಿದ. ಕೋರಮಂಡಲ್ ಬಂತು, ಎದ್ದ, ಹೆಗಲ ಮೇಲಿನ ಟವೆಲು ಮಾತ್ರ ಏಳಲಿಲ್ಲ. ಅದರ ಅಂಚು ಗಿಣಿಯ ಬಾಲಕ್ಕೆ ಸೇರಿಕೊಂಡು ಹೊಲಿಗೆಯಾಗಿತ್ತು.

"ಎನ್ನಮ್ಮಾ ಇದು? ಬುಡಮ್ಮಾ, ಟೇಸನ್ ಬಂತು."

"ಸುಮ್ಕೆ ಕೂತ್ಕಳಪ್ಪಾ. ಇನ್ನೆಲ್ಡು ಪುಕ್ಕ ಐತೆ, ಅಷ್ಟೇ."

"ನನ್ ಶಿಫ್ಟು ಓಯ್ತದೆ ಕಣಮ್ಮಾ."

"ಶಿಫ್ಟು ನಾಳೇನೂ ಬತ್ತೈತೆ. ಪುಕ್ಕ ಕಿತ್ತೋದ್ರೆ ಬತ್ತೈತಾ?"

ಪಾಪ, ಅವನು ಉರಿಗಾಂವರೆಗೆ ಬಂದು, ಪುಕ್ಕ ಮುಗಿದ ಮೇಲೆ ಟವೆಲು ಬಿಡಿಸಿಕೊಂಡು, ಹಳಿಯ ಮೇಲೆ ವಾಪಸ್ಸು ನಡೆದುಕೊಂಡು ಹೋದ. ಟವೆಲಿನ ಮೂಲೆಯಲ್ಲಿ ಮೂರು ಹಸಿರು ಪುಕ್ಕ ಉಳಿದುಕೊಂಡಿದ್ದವು.

ಆ ವರ್ಷ ನಾನು ಶಾಲೆಯ ಮೇಡಂ ಆಗುವ ಟ್ರೈನಿಂಗ್ ಮುಗಿಸಿ ಮನೆಗೆ ಬಂದೆ. ಟ್ರೈನಿಂಗ್ ಎಂದರೆ ಟ್ರೈನಿನಲ್ಲಿ ಮಾಡುವ ಕೆಲಸ ಎಂದೇ ಅತ್ತೆಯ ತಿಳಿವಳಿಕೆ. "ಎಲ್ಡೇ ವರ್ಷಕ್ಕೆ ಮುಗಿಸ್ಬುಟ್ಯಾ? ನಾನು ಅನ್ನೊಂದು ವರ್ಷದಿಂದ ಮಾಡ್ತಾ ಇವ್ನಿ" ಎಂದಳು. ಅದೇ ಸಮಯಕ್ಕೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಸುದ್ದಿ ಬಂತು. ಗಂಡು ಕೋಲಾರದ ಕಡೆಯ ಹಳ್ಳಿಯವರು, ಓದಿದವರು, ಕೆಲಸವಿರುವವರು. ಅಪ್ಪ ಗೋಡೆಗೆ ಸುಣ್ಣ ಹೊಡೆಸಿದ. ಅತ್ತೆ, "ಬಾಗ್ಲು ನಂಗೆ ಬುಟ್ಬುಡು" ಎಂದು ಹೇಳಿ ಮೂರು ವಾರ ಯಾರಿಗೂ ತೋರಿಸದೆ ರೈಲಿನಲ್ಲಿ ಏನನ್ನೋ ಹೊಲಿದಳು.

ಅವರು ಬರುವ ಜಟಕಾ ಲೈನಿನ ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ ಅತ್ತೆ ತನ್ನ ತೋರಣವನ್ನು ಬಾಗಿಲಿಗೆ ಕಟ್ಟಿದಳು. ಕೆಂಪು ಬಟ್ಟೆ, ಎರಡೂ ತುದಿಗೆ ಗಿಣಿ, ನಡುವೆ ಹಳದಿ ದಾರದಲ್ಲಿ ದುಂಡಾದ ಅಕ್ಷರಗಳು. ನಾವೆಲ್ಲ ಒಳಗಿದ್ದೆವು. ಗಂಡಿನ ತಂದೆ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡೇ ಇಳಿದರು. ಬಾಗಿಲ ಪಕ್ಕದ ಚರಂಡಿಯ ಕಡೆ ತಿರುಗಿ ಕತ್ತು ಬಗ್ಗಿಸಿ, ಇನ್ನೇನು ಉಗುಳಬೇಕು, ಕಣ್ಣು ತೋರಣದ ಮೇಲೆ ಬಿತ್ತು. ತುಂಬಿದ ಬಾಯಲ್ಲೇ ಒಂದೊಂದೇ ಅಕ್ಷರ ಓದಿದರು.

"ಇಲ್ಲಿ ಉಗುಳಬಾರದು."

ಗಳಕ್ಕನೆ ನುಂಗಿದರು. ಅಷ್ಟೂ. ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ಹತ್ತಿತು. ಒಳಗೆ ಬಂದು ಚಾಪೆಯ ಮೇಲೆ ಕೂತು ಎರಡು ಲೋಟ ನೀರು ಕುಡಿದು, "ಬಾಳ ಶಿಸ್ತಿನ ಮನೆ" ಎಂದರು. ಅಪ್ಪ ಬಾಗಿಲಿಗೆ ಓಡಿಹೋಗಿ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ನನಗೆ ತಡೆಯಲಾಗಲಿಲ್ಲ. ಹೆಣ್ಣು ತೋರಿಸುವ ದಿನ ಹೆಣ್ಣು ಹಲ್ಲು ಕಾಣಿಸಬಾರದು ಎಂದು ಅಮ್ಮ ನೂರು ಸಲ ಹೇಳಿದ್ದಳು. ನಾನು ಅಡುಗೆಮನೆಯಿಂದ ಇಡೀ ಲೈನಿಗೆ ಕೇಳುವಂತೆ ನಕ್ಕೆ. ನನ್ನ ನಗು ಕೇಳಿ ಗಂಡು ನಕ್ಕರು, ಅವರ ತಾಯಿ ನಕ್ಕರು, ಕೊನೆಗೆ ಬಿಕ್ಕಳಿಸುತ್ತಲೇ ಅವರ ತಂದೆಯೂ ನಕ್ಕರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ.

ನಗದೆ ಇದ್ದವಳು ಅತ್ತೆ ಒಬ್ಬಳೇ. ಅವಳು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿ, ಮೆಲ್ಲಗೆ ನನ್ನನ್ನು ಕೇಳಿದಳು: "ಯಾಕೇ ನಗ್ತೀರಿ? ಅದ್ರಾಗೆ ಏನು ಬರ್ದೈತೆ?"

ಆಗ ನನಗೆ ತಿಳಿಯಿತು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಅಕ್ಷರವೆಂದರೆ ಅವಳಿಗೆ ಗಿಣಿಯಂತೆ, ಎಲೆಯಂತೆ ಒಂದು ಚಿತ್ರ. ಬಂಗಾರಪೇಟೆ ಪ್ಲಾಟ್‌ಫಾರಂನ ನಲ್ಲಿಯ ಹತ್ತಿರ ಪುಟ್ಟಿ ಇಟ್ಟುಕೊಂಡು ರೈಲು ಕಾಯುತ್ತಾ, ಎದುರಿನ ಬೋರ್ಡಿನ ಸೊಟ್ಟ, ಸುಳಿ, ತಲೆಕಟ್ಟುಗಳನ್ನೆಲ್ಲ ಒಂದೂ ಬಿಡದೆ ಬಟ್ಟೆಗೆ ಇಳಿಸಿಕೊಂಡಿದ್ದಳು. ನಾನು ಏನು ಬರೆದಿದೆ ಎಂದು ಹೇಳಿದೆ.

"ಎಲ್ರೂ ಇಳಿಯೋ ಜಾಗದಾಗೆ ಆಕಿದ್ರು ಕಣೇ. ಬನ್ನಿ ಅಂತ ಬರ್ದವ್ರೆ ಅಂದ್ಕಂಡೆ" ಎಂದಳು. ತೋರಣ ಬಿಚ್ಚಿ, ಮಡಿಸಿ, ಪುಟ್ಟಿಯ ತಳಕ್ಕೆ ಹಾಕಿಕೊಂಡು, ಒಬ್ಬಟ್ಟು ತಿನ್ನದೆ ರೈಲಿಗೆ ಹೋದಳು.

ಅಂದಿನಿಂದ ಸೂಜಿ ನಿಂತಿತು. ಸೊಪ್ಪು ಮಾರಲು ಬರುತ್ತಿದ್ದಳು, ಆದರೆ ನಮ್ಮ ಲೈನಿಗೆ ಬರುತ್ತಿರಲಿಲ್ಲ. ಹಬ್ಬಕ್ಕೆ ಎಲ್ಲಿಗೂ ಹೋಗಲಿಲ್ಲ. ಯಾರಿಗೋ ಕೈ ಮುರಿಯಿತು, ನೋಡಲೂ ಹೋಗಲಿಲ್ಲ. ಮಾವ ಬಂದು, "ರೈಲಾಗೆ ಕೈ ಕಟ್ಕಂಡು ಕೂತ್ಕತಾಳೆ. ಉಯ್ಯಾಲೆ ಕಟ್ತೀನಿ ಅಂದ್ರೂ ಬ್ಯಾಡ ಅಂತಾಳೆ" ಎಂದ. ಜೋರಾಗಿ ನಕ್ಕವಳು ನಾನು. ಮದುವೆಗೆ ಇನ್ನು ಐದು ತಿಂಗಳಿತ್ತು, ಅಷ್ಟರಲ್ಲಿ ಅವಳ ಕೈಗೆ ಸೂಜಿ ಬರದಿದ್ದರೆ ನಾನು ಯಾವ ಮುಖ ಹೊತ್ತು ಹೊಸಿಲು ದಾಟಲಿ?

ದೇವರ ದಯೆಯಿಂದ ನನಗೆ ಬಂಗಾರಪೇಟೆಯ ಒಂದು ಶಾಲೆಯಲ್ಲೇ ಕೆಲಸ ಸಿಕ್ಕಿತು. ಅತ್ತೆ ವಾಪಸ್ಸು ಹೋಗುವ ಒಂಬತ್ತರ ರೈಲೇ ನನ್ನ ರೈಲು. ಮೊದಲ ದಿನವೇ ಅವಳೆದುರು ಕೂತು, ಬಟ್ಟೆ ತೆಗೆದು ಗಿಣಿ ಹೊಲಿಯತೊಡಗಿದೆ. ನನಗೆ ಹೊಲಿಗೆ ಬರುತ್ತದೆಯೇ? ಖಂಡಿತ ಇಲ್ಲ. ಅತ್ತೆ ಕಿಟಕಿಯ ಆಚೆ ನೋಡಿದಳು, ನನ್ನ ಬಟ್ಟೆ ನೋಡಿದಳು, ಮತ್ತೆ ಕಿಟಕಿ ನೋಡಿದಳು. ಮೂರು ದಿನ ತಡೆದುಕೊಂಡಳು. ನಾಲ್ಕನೆಯ ದಿನ ಕೋರಮಂಡಲ್ ದಾಟುತ್ತಿದ್ದಂತೆ ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಇದೇನೇ ಇದು, ಎಮ್ಮೆ ತುಳಿದಿರೋ ಕಾಗೆ?"

"ಹಾಗಾದರೆ ನೀನೇ ಕಲಿಸು."

"ಕಲಿಸಿದ್ರೆ ಏನು ಕೊಡ್ತೀಯ?"

"ದಿನಕ್ಕೊಂದು ಅಕ್ಷರ."

ಅತ್ತೆ ಸೂಜಿಗೆ ದಾರ ಪೋಣಿಸಿ, ನನ್ನ ಕಾಗೆಯ ರೆಕ್ಕೆ ಬಿಚ್ಚತೊಡಗಿ, "ಮೊದ್ಲು ಯಾವುದು?" ಎಂದಳು. ನನಗೆ ಆ ರೈಲಿನಲ್ಲೇ ಎದ್ದು ಕುಣಿಯಬೇಕೆನಿಸಿತು.

ಸ್ಟೇಷನ್ ಬೋರ್ಡುಗಳೇ ನಮ್ಮ ಪುಸ್ತಕ. ಬಂಗಾರಪೇಟೆಯಿಂದ ಬ, ಕೋರಮಂಡಲ್‌ನಿಂದ ಕ, ಉರಿಗಾಂನಿಂದ ಉ, ಚಾಂಪಿಯನ್‌ನಿಂದ ಚ, ಮಾರಿಕುಪ್ಪಂನಿಂದ ಮ. ಹೇಳಿಕೊಟ್ಟ ಅಕ್ಷರವನ್ನು ಅವಳು ಸ್ಲೇಟಿನ ಮೇಲೆ ಬರೆಯಲೊಪ್ಪದೆ ದಾರದಲ್ಲಿ ಹೊಲಿದೇ ಕಲಿತಳು. ಒಂದು ಸಲ ಹೊಲಿದದ್ದನ್ನು ಮರೆಯುತ್ತಿರಲಿಲ್ಲ. ಮೂರು ತಿಂಗಳಿಗೆ ರೈಲು ಡಬ್ಬಿಯ ಗೋಡೆಯ ಮೇಲಿದ್ದದ್ದನ್ನೆಲ್ಲ ಜೋರಾಗಿ ಓದುವ ಚಟ ಹತ್ತಿತು. ಬೀಡಿ ಸೇದುವವರು ಅವಳನ್ನು ಕಂಡರೆ ಎದ್ದು ಹೋಗುತ್ತಿದ್ದರು.

ಜಗಳವಾದದ್ದು ಒಂದೇ ಅಕ್ಷರಕ್ಕೆ. ನಾನು ಹ ಎನ್ನುತ್ತಿದ್ದೆ, ಅವಳು ಅ ಎನ್ನುತ್ತಿದ್ದಳು. ಹಬ್ಬ ಎಂದರೆ ಅಬ್ಬ, ಹೂವು ಎಂದರೆ ಊವು. ಶಾಲೆಯಲ್ಲಿ ಇದೇ ತಪ್ಪಿಗೆ ಮಕ್ಕಳ ಸ್ಲೇಟು ಅಳಿಸಿ ಅಳಿಸಿ ನನ್ನ ಕೈ ಸವೆದಿತ್ತು. "ಅತ್ತೆ, ಅದಕ್ಕೊಂದು ಬೇರೆ ಅಕ್ಷರವಿದೆ" ಎಂದರೆ ನಂಬಲಿಲ್ಲ.

"ಬಂಗಾರಪೇಟೆಯಾಗೆ ಐತಾ?"

"ಇಲ್ಲ."

"ಕೋರಮಂಡಲ್ಲಾಗೆ? ಉರಿಗಾಂ? ಚಾಂಪಿಯನ್ನು? ಮಾರಿಕುಪ್ಪಂ?"

ಯೋಚಿಸಿದೆ. ನಮ್ಮ ರೈಲು ದಾರಿಯ ಐದು ಸ್ಟೇಷನ್ನುಗಳಲ್ಲಿ ಒಂದರಲ್ಲಾದರೂ ಹ ಇರಬಾರದೇ? ಇರಲಿಲ್ಲ.

"ಅಷ್ಟು ದೊಡ್ಡ ರೈಲ್ನೋರೇ ಇಟ್ಕಂಡಿಲ್ಲ. ನಂಗ್ಯಾಕೆ ಬುಡು" ಎಂದಳು. ಟ್ರೈನಿಂಗ್ ಆದವಳು ನಾನು ಸೋತೆ.

ಮದುವೆಯಾಗಿ ಗಂಡನ ಊರಿಗೆ ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿಗೆ ಎಲ್ಲರೂ ಬಂದಿದ್ದರು. ಅತ್ತೆ ಕಾಣಿಸಲಿಲ್ಲ. ರೈಲು ಕೂಗುವ ಹೊತ್ತಿಗೆ ನಲ್ಲಿಯ ಕಡೆಯಿಂದ ಓಡಿ ಬಂದು ಕಿಟಕಿಯಿಂದ ಒಂದು ಕೈಚೀಲ ತೂರಿಸಿದಳು. ಬಟ್ಟೆ ನೋಡಿದೆ. ಅದೇ ಕೆಂಪು ತೋರಣದ ಬಟ್ಟೆ. ಹಳೆಯ ಹಳದಿ ಅಕ್ಷರಗಳನ್ನು ಒಂದೊಂದೇ ಎಳೆ ಬಿಚ್ಚಿ ತೆಗೆದಿದ್ದಳು, ಸೂಜಿಯ ತೂತುಗಳಿನ್ನೂ ಕಾಣುತ್ತಿದ್ದವು. ಆ ತೂತುಗಳ ಮೇಲೆ, ಯಾವ ಬೋರ್ಡನ್ನೂ ನೋಡದೆ, ಅವಳದೇ ಮೂರು ಅಕ್ಷರ: "ಓಗಿ ಬಾ."

"ಇದ್ನ ಮನೆಯಾಗೆ ಕೂತೇ ಒಲ್ದವ್ಳೆ ಕಣಮ್ಮಾ" ಎಂದ ಹಿಂದಿನಿಂದ ಮಾವ. "ರೈಲಾಗೆ ಒಲಿದ್ರೆ ನೀನು ನೋಡ್ಬುಡ್ತೀಯ ಅಂತ. ಬೆರಳೆಲ್ಲ ತೂತು."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು, ಆ ದಿನ ನಾವೆಲ್ಲ ನಗುವಾಗ ನೋಡಿದ್ದಳಲ್ಲ, ಹಾಗೆಯೇ.

"ಸರಿಯಾಗೈತಾ?"

ನನ್ನ ಗಂಡ ಪಕ್ಕದಲ್ಲೇ ಇದ್ದರು. ಓದಿದವರು, ತಪ್ಪು ಅವರ ಕಣ್ಣಿಗೂ ಬಿದ್ದಿರಬೇಕು, ಆದರೆ ಅವರು ತುಟಿ ಬಿಚ್ಚಲಿಲ್ಲ. ಅವತ್ತಿನಿಂದಲೇ ಆ ಮನುಷ್ಯನ ಮೇಲೆ ನನಗೆ ಪ್ರೀತಿ.

"ಸರಿಯಾಗೈತೆ ಅತ್ತೆ" ಎಂದೆ.

ರೈಲು ಹೊರಟಿತು. ಅತ್ತೆ ಪ್ಲಾಟ್‌ಫಾರಂನಲ್ಲಿ ನಿಂತೇ ಇದ್ದಳು. ರೈಲು ಓಡುವಾಗ ಅವಳು ಓಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೀಲದ ಮೂಲೆಯಲ್ಲಿ ಬಾಲವಿಲ್ಲದ ಒಂದು ಹೊಸ ಗಿಣಿ ಇತ್ತು, ಹಸಿರು ದಾರ ಪೋಣಿಸಿದ ಸೂಜಿಯನ್ನು ಅಲ್ಲೇ ಚುಚ್ಚಿಟ್ಟಿದ್ದಳು. ಬಾಲವನ್ನು ದಾರಿಯಲ್ಲಿ ನಾನೇ ಹಾಕಿದೆ. ಕಣ್ಣು ಮಂಜಾಗಿದ್ದರಿಂದ ಅದು ಕಾಗೆಯ ಬಾಲವೇ ಆಯಿತು.

ಆಮೇಲೆ ಎಷ್ಟೋ ವರ್ಷ ಪಾಠ ಹೇಳಿದೆ. ಎಷ್ಟೋ ಸ್ಲೇಟುಗಳ ಮೇಲಿನ ಓ ಅಳಿಸಿ ಹೋ ಬರೆಸಿದೆ. ಈ ಚೀಲದ ಮೇಲಿನದನ್ನು ಮುಟ್ಟಲಿಲ್ಲ. ತವರಿಗೆ ಬರುವಾಗಲೆಲ್ಲ ಅದನ್ನೇ ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ. ನಮ್ಮ ಕಡೆ ಯಾರಾದರೂ ದೂರದಿಂದ ಹೆಸರು ಹಿಡಿದು ಕೂಗಿದರೆ ನಾವು "ಓ" ಎನ್ನುತ್ತೇವಲ್ಲ, ಬಂಗಾರಪೇಟೆಯ ಬೋರ್ಡು ಕಂಡ ಕೂಡಲೇ ನನ್ನ ಬಾಯಿ ತಾನಾಗಿ ಹಾಗೆನ್ನುತ್ತದೆ.