ಟೈಲರ್ ಕತ್ತರಿಗೆ ಸಿಕ್ಕ ದಪ್ಪಕ್ಕ

"ಮೂವತ್ತು ವರ್ಷ ಜನಕ್ಕೆ ಕೋಟು ತೊಡಿಸಿದವನಿಗೆ ಒಂದು ಕುರಿಯ ಕೋಟು ಬಿಚ್ಚೋಕೆ ಬರಲ್ವಾ?" ಎಂದು ಟೈಲರ್ ಮಹಾಶಯರು ಕುರಿದೊಡ್ಡಿಯ ಬಾಗಿಲಲ್ಲಿ ನಿಂತು ಗುಡುಗಿದರು!

ಅಂಗಡಿ ಮುಚ್ಚಿ ಹೆಂಡತಿಯ ಪುಟ್ಟ ಜಮೀನಿಗೆ ಬಂದು ಅವರಿಗಿನ್ನೂ ಆರು ತಿಂಗಳು. ಅಲ್ಲಿದ್ದದ್ದು ಐದು ಕುರಿ, ಒಂದು ಮರಿ. ಮಗಳ ಹೆರಿಗೆ ಹತ್ತಿರವಾಗಿತ್ತು. ಹುಟ್ಟುವ ಕೂಸಿನ ಹೊದಿಕೆಗೆ ಹೆಂಡತಿ ತಾವೇ ಉಣ್ಣೆ ನೂಲಬೇಕೆಂದಿದ್ದರು. ಉಣ್ಣೆ ಕತ್ತರಿಸುವವನು ಮಾತ್ರ ಇವತ್ತು, ನಾಳೆ ಎನ್ನುತ್ತಲೇ ಇದ್ದ.

"ರೀ, ಗುರುವಾರ ಬರ್ತಾನಂತೆ, ಸುಮ್ನಿರಿ."

"ಅಲ್ಲೀವರೆಗೂ ಮೊಮ್ಮಗು ಕಾಯುತ್ತಾ?"

"ಅದು ಇನ್ನೊಂದು ತಿಂಗಳು ಕಾಯುತ್ತೆ. ತಡೆಯೋಕಾಗ್ದಿರೋದು ನಿಮಗೆ!"

ಹೆಂಡತಿ ಅತ್ತ ಹೋದದ್ದೇ ತಡ, ಟೈಲರ್ ಎಲ್ಲಕ್ಕಿಂತ ಮೆತ್ತನೆಯ ಉಣ್ಣೆಯ ಕುರಿ ದಪ್ಪಕ್ಕನನ್ನು ಹಿಡಿದು ತಂದರು. ಅಳತೆ ಟೇಪು ಹೊರಬಂತು. ಎದೆ ನಲವತ್ತೆರಡು. ಸೊಂಟ? ಎಷ್ಟು ಹುಡುಕಿದರೂ ಸಿಗಲಿಲ್ಲ! ಬೆನ್ನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಇಟ್ಟರು.

ಬಟ್ಟೆಯಾದರೆ ಮೇಜಿನ ಮೇಲೆ ತೆಪ್ಪಗೆ ಬಿದ್ದಿರುತ್ತದೆ. ಈ ಬಟ್ಟೆ ಹೊರಳಿತು, ಸೀನಿತು, ಒದೆಯಿತು! ಚರ್ಮಕ್ಕೆ ತಾಗೀತೆಂಬ ಭಯಕ್ಕೆ ಅವರು ಚಿಟಿಕೆ ಚಿಟಿಕೆಯಾಗಿ ಕತ್ತರಿಸಿದರು. ಎಡಗಡೆ ಮುಗಿಯಿತೋ ಇಲ್ಲವೋ, ದಪ್ಪಕ್ಕ ಕಿತ್ತುಕೊಂಡು ಓಡಿದಳು. ಬಲಗಡೆಯ ಉಣ್ಣೆಗೆ ಜೋತುಬಿದ್ದ ಟೈಲರ್ ಅಂಗಳವಿಡೀ ಸವಾರಿ ಹೋಗಿ ನೀರಿನ ತೊಟ್ಟಿಯಲ್ಲಿ ಇಳಿದುಕೊಂಡರು!

ಪಾಪ, ಮರಿಯ ಗತಿ! ಎಡಗಡೆಯಿಂದ ಅಮ್ಮನನ್ನು ನೋಡಿ ಹೌಹಾರಿ ಓಡಿತು. ಸುತ್ತಿ ಬಲಗಡೆಯಿಂದ ಬಂದು, ಗುರುತು ಹಿಡಿದು, ಹಾಲಿಗೆ ಬಾಯಿ ಹಾಕಿತು.

ಹೆಂಡತಿ ಉದುರಿದ ಉಣ್ಣೆಯನ್ನು ಆರಿಸಿ, ಹಿಂಜಿ, ರಾಟೆಯ ಮುಂದೆ ಕೂತರು. ಚಕ್ರ ತಿರುಗಿತು, ಎಳೆ ಪಟ್ಟೆಂದು ತುಂಡಾಯಿತು. ಮತ್ತೆ ತಿರುಗಿತು, ಮತ್ತೆ ಪಟ್!

"ರೀ, ಇದೇನು ಉಣ್ಣೆನಾ, ಕ್ಷೌರದಂಗಡಿ ಕಸಾನಾ? ನೂಲೋಕೆ ಬೆರಳುದ್ದವಾದ್ರೂ ಬೇಡ್ವಾ?"

"ದಿಂಬಿಗೆ ತುಂಬಬಹುದು..." ಟೈಲರ್ ದನಿ ಬಾವಿಯೊಳಗಿಂದ ಬಂದಂತಿತ್ತು. ಕೂಸಿನ ಹೊದಿಕೆ ತಮ್ಮ ಕೈಯಾರೆ ಹಾಳಾಯಿತಲ್ಲ ಎಂದು ಅವರಿಗೆ ಊಟವೂ ಸೇರಲಿಲ್ಲ.

ಹೆಂಡತಿಗೆ ಅಯ್ಯೋ ಅನ್ನಿಸಿತು. "ಹೋಗ್ಲಿ ಬಿಡಿ. ಬಲಗಡೆ ಇನ್ನೂ ನೆಟ್ಟಗಿದೆ. ಪುಟ್ಟ ಹೊದಿಕೆಗೆ ಅಷ್ಟು ಸಾಕು. ನೀವು ಮಾತ್ರ ಆ ಕಡೆ ತಲೆ ಹಾಕ್ಬೇಡಿ!"

ಗುರುವಾರ ಉಣ್ಣೆ ಕತ್ತರಿಸುವವನು ನಿಜವಾಗಿಯೂ ಬಂದ. ಕುರಿಯನ್ನು ಅಂಡಿನ ಮೇಲೆ ಕೂರಿಸುವುದು, ಕಂಬಳಿ ಸುಲಿದಂತೆ ಇಡೀ ಉಣ್ಣೆ ಬಿಚ್ಚಿಡುವುದು! ನಾಲ್ಕು ಮುಗಿಸಿ ದಪ್ಪಕ್ಕನನ್ನು ಎಳೆದುಕೊಂಡವನು ಹಾಗೇ ನಿಂತುಬಿಟ್ಟ. ಎಡಗಡೆ ಮೆಲ್ಲಗೆ ಕೈಯಾಡಿಸಿದ.

"ಅಯ್ಯೋ ಪಾಪ! ಯಾವಾಗ ನಾಯಿ ಹಿಡೀತು ಇದನ್ನ?"

ಟೈಲರ್‌ಗೆ ಹೋದ ಜೀವ ಬಂದಂತಾಯಿತು. "ಹೌದಪ್ಪ, ನಾಯಿ! ಇಷ್ಟೆತ್ತರ ಇತ್ತು! ನಾನೇ ಓಡಿಸಿದ್ದು!"

"ಬೀದಿದಾ ಸಾರ್, ಸಾಕಿದ್ದಾ?"

ರಾಟೆಯಿಂದ ತಲೆ ಎತ್ತದೆ ಹೆಂಡತಿ ಅಂದರು: "ಸಾಕಿದ್ದೇ ಕಣಪ್ಪ. ಮದುವೆ ಆದಾಗಿಂದ ನಾನೇ ಸಾಕ್ತಿದ್ದೀನಿ!"